ನಡುಗುವ ಕರಸ್ಥಲ

ಅಪ್ಪಾಜಿಯವರ ಎಡಗೈ ನಡುಗಲು ಶುರುವಾದದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಾಗದ ಹಾಗೆ ಅವರೇ ನೋಡಿಕೊಂಡಿದ್ದರು. ರಾಣೇಬೆನ್ನೂರಿನಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು, ಗಲ್ಲೆಯ ಮೇಲೆ ಕೂತು ಎಡಗೈಯನ್ನು ಧೋತರದ ಮಡಿಕೆಯಲ್ಲಿ ಸೇರಿಸಿಕೊಂಡರೆ ಯಾರು ಕೇಳುತ್ತಾರೆ? ನಾನು ಕಂಡದ್ದು ಒಂದು ಶ್ರಾವಣ ಸೋಮವಾರ, ಪೂಜೆಯ ಹೊತ್ತಿನಲ್ಲಿ.

ನಮ್ಮದು ಲಿಂಗಾಯತರ ಮನೆ. ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈಯ ಮೇಲಿಟ್ಟು, ಬಲಗೈಯಿಂದ ವಿಭೂತಿ ಧರಿಸಿ, ಪತ್ರಿ ಏರಿಸಿ, ರೆಪ್ಪೆ ಬಡಿಯದೆ ನೋಡುತ್ತ ಕೂರುವುದು ನಮ್ಮ ಪೂಜೆ. ಅದಕ್ಕೆ ಗುಡಿ ಬೇಡ, ಪೂಜಾರಿ ಬೇಡ. ಅಂಗೈಯೇ ಪೀಠ, ಅದಕ್ಕೇ ಕರಸ್ಥಲ ಎಂಬ ಹೆಸರು. ಅವತ್ತು ಅಪ್ಪಾಜಿ ಲಿಂಗ ಇಟ್ಟುಕೊಂಡ ಮೊದಲ ಕೆಲವು ಸೆಕೆಂಡು ಕೈ ಅಲುಗಲಿಲ್ಲ. ಲಿಂಗದ ನುಣುಪಾದ ಕರಿ ಮೈಯ ಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ಕೂತಿತ್ತು. ಆಮೇಲೆ ಚುಕ್ಕೆ ಮಿಸುಕಿತು, ಎಳೆದ ಹಾಗೆ ಗೆರೆಯಾಯಿತು. ಅವರು ತಟ್ಟನೆ ಲಿಂಗವನ್ನು ಎದೆಗೆ ಒತ್ತಿಕೊಂಡು ಕರಡಿಗೆಗೆ ಸೇರಿಸಿಬಿಟ್ಟರು. ಅರ್ಧ ಗಂಟೆಯ ಪೂಜೆ ಎರಡು ನಿಮಿಷಕ್ಕೆ ಮುಗಿದಿತ್ತು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ನರವ್ಯೂಹದ ಪಾಠವನ್ನು ಪ್ರತಿ ವರ್ಷ ಮಾಡಿದ್ದೇನೆ. ಆದರೂ ಕಣ್ಣೆದುರಿನ ಗುರುತುಗಳನ್ನು ಓದಲಿಲ್ಲವಲ್ಲ ಎಂಬ ನೋವು ಇಂದಿಗೂ ಇದೆ. ಉದ್ರಿ ಖಾತೆಯ ಪುಸ್ತಕದಲ್ಲಿ ಅಪ್ಪಾಜಿಯ ದುಂಡನೆಯ ಅಕ್ಷರ ಸಾಲಿನ ಕೊನೆಗೆ ಬರುಬರುತ್ತ ಸಾಸಿವೆ ಕಾಳಿನಷ್ಟಾಗಿತ್ತು. ಹಾಳೆ ಉಳಿಸುತ್ತಿದ್ದಾರೆ ಅಂದುಕೊಂಡೆವು. ಲೋಬಾನದ ಹೊಗೆ ಮನೆ ತುಂಬಿದ್ದರೂ ‘ಇವತ್ತು ಹಾಕಿಲ್ಲೇನು’ ಎಂದು ಕೇಳುತ್ತಿದ್ದರು. ನಿದ್ದೆಯಲ್ಲಿ ಕೂಗಿ ಕಾಲು ಝಾಡಿಸುತ್ತಿದ್ದರು. ನಡೆಯುವಾಗ ಎಡಗೈ ಬೀಸುತ್ತಿರಲಿಲ್ಲ. ವೈದ್ಯರೊಬ್ಬರು ಭುಜ ಹಿಡಿದಿದೆ ಎಂದು ಒಂದು ವರ್ಷ ಎಣ್ಣೆ, ಶಾಖ, ನೋವಿನ ಗುಳಿಗೆಯಲ್ಲೇ ಕಳೆದರು. ಕೊನೆಗೆ ನರರೋಗ ತಜ್ಞರು ಬೆರಳುಗಳನ್ನು ಬೇಗ ಬೇಗ ತಟ್ಟಿಸಿ, ಮಣಿಕಟ್ಟು ತಿರುವಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಹೇಳಿದರು: ಪಾರ್ಕಿನ್ಸನ್.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಕೆಲವೇ ಲಕ್ಷ ಕೋಶಗಳು ನಡುಮಿದುಳಿನ ಒಂದು ಕಪ್ಪು ಪಟ್ಟಿಯಲ್ಲಿ ಕೂತು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಆ ಜಾಗದ ಹೆಸರಿಗೆ ಕಪ್ಪು ವಸ್ತು ಎಂದೇ ಅರ್ಥ. ಈ ಕಾಯಿಲೆಯಲ್ಲಿ ಆ ಕಪ್ಪು ತಿಳಿಯಾಗುತ್ತ ಹೋಗುತ್ತದೆ. ಕೈ ನಡುಗಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅಲ್ಲಿನ ಡೋಪಮಿನ್ ಅರ್ಧಕ್ಕಿಂತ ಹೆಚ್ಚು ಬತ್ತಿರುತ್ತದೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿಯನ್ನು, ಅವರಲ್ಲಿ ಕೆಲವರನ್ನು ಬೀದಿಯಲ್ಲೇ ಕಂಡು, ಈ ನಡುಕದ ಬಗ್ಗೆ ಬರೆದ. ಬುದ್ಧಿಗೆ ಇದರಿಂದ ಧಕ್ಕೆಯಿಲ್ಲ ಎಂಬುದು ಅವನ ನಂಬಿಕೆ. ಅದು ಪೂರ್ತಿ ನಿಜವಲ್ಲ ಎಂದು ಈಗ ಗೊತ್ತಿದೆ. ಮನಸ್ಸು ಮಂಕಾಗುವುದೂ ಅಂಜಿಕೆಯೂ ಈ ಕಾಯಿಲೆಯಲ್ಲೇ ಸೇರಿವೆ.

ಅಪ್ಪಾಜಿಗೆ ಇದ್ದ ಅಂಜಿಕೆ ಒಂದೇ, ಲಿಂಗ ಕೈ ಜಾರಿ ಬಿದ್ದರೆ ಎಂಬುದು. ಲಿಂಗ ಮೈಯಿಂದ ಅಗಲಿದರೆ ಪ್ರಾಣ ಬಿಡಬೇಕು ಎಂಬ ಕಟ್ಟಳೆಯ ಮಾತನ್ನು ಅವರು ಎಂಟನೆಯ ವಯಸ್ಸಿನಲ್ಲಿ, ದೀಕ್ಷೆಯ ದಿನ ಕೇಳಿದ್ದರು. ಎಪ್ಪತ್ತರ ಹತ್ತಿರ ಅದು ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಅದಕ್ಕೇ ಎರಡು ನಿಮಿಷದ ಪೂಜೆ.

ತಜ್ಞರು ಲೆವೊಡೋಪಾ ಗುಳಿಗೆ ಬರೆದರು. ದಿನಕ್ಕೆ ಮೂರು ಸಲ, ಊಟಕ್ಕೆ ಅರ್ಧ ಗಂಟೆ ಮೊದಲು, ನೀರಿನಲ್ಲಿ. ಹಾಲಿನ ಜೊತೆ ಬೇಡ, ಹಾಲಿನ ಪ್ರೋಟೀನು ಅದರ ದಾರಿಗೆ ಅಡ್ಡ ಬರುತ್ತದೆ. ಡೋಪಮಿನ್ನನ್ನೇ ನುಂಗಿದರೆ ಅದು ಮಿದುಳಿಗೆ ದಾಟುವುದಿಲ್ಲ, ಲೆವೊಡೋಪಾ ದಾಟಿ ಅಲ್ಲಿ ಡೋಪಮಿನ್ ಆಗುತ್ತದೆ. ಇದರ ಕತೆಯಲ್ಲಿ ನಮ್ಮ ಗಿಡಗಳೂ ಇವೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ಕೊಟ್ಟು ಅವುಗಳನ್ನು ಕೊರಡಿನಂತೆ ಕೆಡವಿದ ರೆಸರ್ಪಿನ್ ಎಂಬ ಮದ್ದು ಬಂದದ್ದು ಸರ್ಪಗಂಧದ ಬೇರಿನಿಂದ. ಆ ಮೊಲಗಳನ್ನು ಮತ್ತೆ ಎಬ್ಬಿಸಿದ್ದು ಡೋಪಾ. ಅದೇ ಡೋಪಾ, ಹೊಲದ ಬದುವಿನಲ್ಲಿ ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿಯ ಬೀಜದಲ್ಲೂ ಇದೆ. ಭಾರತದ ಇಬ್ಬರು ವಿಜ್ಞಾನಿಗಳು 1937ರಲ್ಲೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಕಂಪವಾತಕ್ಕೆ ಆಯುರ್ವೇದದಲ್ಲಿ ಆ ಬೀಜದ ಬಳಕೆಯಿದೆ. ಹಾಗೆಂದು ಯಾರೂ ಬೀಜ ಕುಟ್ಟಿ ನುಂಗುವುದು ಬೇಡ. ಪ್ರಮಾಣ ತಪ್ಪಿದರೆ ಅಪಾಯ.

ಗುಳಿಗೆ ಬಂತು, ಅದರ ಬೆನ್ನಿಗೇ ಧರ್ಮದ ಪ್ರಶ್ನೆ ಬಂತು. ಪೂಜೆಗೆ ಮೊದಲು ಅಪ್ಪಾಜಿ ಹನಿ ನೀರೂ ಮುಟ್ಟುವುದಿಲ್ಲ. ರಾತ್ರಿಯ ಔಷಧದ ಬಲ ಇಳಿದು ಬೆಳಗ್ಗೆ ಕೈ ಎಲ್ಲಕ್ಕಿಂತ ಹೆಚ್ಚು ನಡುಗುತ್ತದೆ. ಗುಳಿಗೆ ನುಂಗದೆ ಲಿಂಗ ಹಿಡಿಯಲಾಗದು, ಲಿಂಗಪೂಜೆ ಆಗದೆ ಗುಳಿಗೆ ನುಂಗುವಂತಿಲ್ಲ. ಮೂರು ವಾರ ಅವರು ಇದರಲ್ಲೇ ಸಿಕ್ಕಿ ನರಳಿದರು. ಔಷಧಕ್ಕೆ ನೇಮವಿಲ್ಲ ಎಂದು ನಾನು ಹೇಳಿದರೆ, ‘ನಿನಗ ಹೇಳೂದು ಸುಲಭ ಐತವ್ವ’ ಅನ್ನುತ್ತಿದ್ದರು. ಆ ಮಾತು ಸರಿ. ನೇಮವಿಲ್ಲ ಅಂದುಬಿಟ್ಟರೆ ಅದನ್ನು ಅರವತ್ತು ವರ್ಷ ಪಾಲಿಸಿದ ಮನುಷ್ಯನನ್ನೂ ತಳ್ಳಿಹಾಕಿದ ಹಾಗೆ.

ಒಂದು ನಸುಕಿನಲ್ಲಿ ಅವರೇ ದಾರಿ ಕಂಡುಕೊಂಡರು. ಹಾಸಿಗೆಯಲ್ಲಿ ಎದ್ದು ಕೂತು, ಗುಳಿಗೆಯನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು, ಎದೆಯ ಮೇಲಿನ ಕರಡಿಗೆಗೆ ಮುಟ್ಟಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, ನುಂಗಿದರು. ‘ಲಿಂಗಕ್ಕ ಕೊಟ್ಟ ಮ್ಯಾಲ ಅದು ಪ್ರಸಾದ ಆತು. ಪ್ರಸಾದಕ್ಕ ಯಾವ ಹೊತ್ತು?’ ಅರ್ಪಿಸದೆ ಏನನ್ನೂ ಮುಟ್ಟಬಾರದು, ಅರ್ಪಿಸಿದ್ದು ಪದಾರ್ಥವಾಗಿ ಉಳಿಯದು ಎಂಬುದು ಶರಣರು ಕೊಟ್ಟ ಅರಿವು. ಅದನ್ನು ಅನ್ನಕ್ಕೆ ಹೇಳಿದ್ದನ್ನು ಕೇಳಿದ್ದೆ. ಲೆವೊಡೋಪಾಕ್ಕೆ ಹೇಳಿದ್ದನ್ನು ಅವತ್ತೇ ಕೇಳಿದ್ದು.

ಸಮಾಧಾನ ಹೇಳಲು ಬಂದವರ ಎರಡು ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬರು, ತಕ್ಕಡಿ ಹಿಡಿದ ಕೈ, ಎಲ್ಲಿಯ ಕರ್ಮವೋ ಅಂದರು. ಹುಟ್ಟಿಗೆ, ಹಣೆಬರಹಕ್ಕೆ ಮನುಷ್ಯನನ್ನು ಕಟ್ಟಿಹಾಕುವುದನ್ನು ಎದುರಿಸಿ ನಿಂತ ಪರಂಪರೆಯ ಮನೆಯಲ್ಲಿ ನಿಂತು ಆಡಿದ ಮಾತು ಇದು! ಸತ್ತ ನರಕೋಶಕ್ಕೆ ತೂಕದ ಲೆಕ್ಕ ಗೊತ್ತಿಲ್ಲ. ಇನ್ನೊಬ್ಬರು ಭಕ್ತಿಯಿಂದಲೇ ಅಂದರು: ನೋಡಿ, ಅವರ ಕಣ್ಣು ಮಿಟುಕುವುದೇ ಇಲ್ಲ, ಅಲ್ಲಮನ ಗುರು ಅನಿಮಿಷನ ಹಾಗೆ. ಪಾರ್ಕಿನ್ಸನ್‌ನಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಅದು ಡೋಪಮಿನ್ನಿನ ಕೊರತೆ. ದೃಷ್ಟಿ ನಿಲ್ಲಿಸಲು ಅಪ್ಪಾಜಿ ಪಟ್ಟ ಪಾಡನ್ನು ಕಂಡವಳು ನಾನು. ಕಾಯಿಲೆಯನ್ನು ಸಿದ್ಧಿ ಎಂದು ಕರೆದರೆ ಆ ಪಾಡಿಗೆ ಅಪಮಾನ.

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಬೇರೆ. ದೇವರಕೋಣೆಯ ಹೊಸ್ತಿಲಲ್ಲಿ ಅಪ್ಪಾಜಿಯ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಅವ್ವ ಅಲ್ಲಿ ರಂಗೋಲಿಯಲ್ಲಿ ಐದು ಅಡ್ಡಗೆರೆ ಎಳೆದಿಟ್ಟಳು. ಗೆರೆ ನೋಡುತ್ತ ಅವರು ಸಲೀಸಾಗಿ ದಾಟುತ್ತಾರೆ. ಅಭ್ಯಾಸಬಲದ ನಡಿಗೆಗೆ ಮಿದುಳಿನಲ್ಲಿ ಒಂದು ದಾರಿ, ಕಣ್ಣು ಕಂಡದ್ದಕ್ಕೆ ಹೆಜ್ಜೆ ಇಡಲು ಇನ್ನೊಂದು ದಾರಿ. ಮೊದಲನೆಯದು ಕಟ್ಟಿದೆ, ಎರಡನೆಯದು ತೆರೆದಿದೆ. ಹಾಗಾದರೆ ‘ನಾನು ನಡೆದೆ’ ಅನ್ನುವಾಗ ಆ ನಾನು ಯಾರು? ನಾನು ಮಾಡಿದೆ ಎಂಬುದನ್ನು ಬಿಡು ಎಂದರು ಶರಣರು. ಅವರು ಹೇಳಿದ್ದು ಬಿಟ್ಟುಕೊಡುವುದನ್ನು, ಕಾಯಿಲೆ ಮಾಡುವುದು ಕಸಿದುಕೊಳ್ಳುವುದನ್ನು. ಎರಡೂ ಒಂದೇ ಎಂದು ಪ್ರವಚನದಲ್ಲಿ ಹೇಳುವವರು ಒಂದು ದಿನ ಈ ಹೊಸ್ತಿಲಲ್ಲಿ ನಿಂತು ನೋಡಬೇಕು. ಕಾಯಕವನ್ನು ಪೂಜೆಗೂ ಮೇಲಿಟ್ಟವರು ನಾವು. ಅಂಗಡಿ ಮುಚ್ಚಿ ಅಂಗಿಯ ಗುಂಡಿಗೂ ಮಗಳ ಕೈ ಬೇಕಾದವರ ಕಾಯಕ ಯಾವುದು?

ಇದನ್ನು ಅಪ್ಪಾಜಿಯನ್ನೇ ಕೇಳಿದೆ. ಅವರು ಶರಣ ನುಲಿಯ ಚಂದಯ್ಯನ ಕತೆ ತೆಗೆದರು. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ನೀರಿಗೆ ಬಿತ್ತು. ಅವನು ಎತ್ತಿಕೊಳ್ಳದೆ ಹುಲ್ಲಿನ ಹೊರೆ ಹೊತ್ತು ಹೊರಟ. ಲಿಂಗವೇ ಬೆನ್ನು ಹತ್ತಿ ಬಂತು. ‘ಅವನ ಕೈ ಗಟ್ಟಿ ಇತ್ತು ಅಪ್ಪಾಜಿ, ಬೇಕಾದರೆ ಎತ್ತಿಕೊಳ್ಳಬಹುದಿತ್ತು’ ಅಂದೆ. ‘ಖರೆ. ಆದರ ಬಿದ್ದದ್ದಕ್ಕ ಲಿಂಗ ಸಿಟ್ಟಾಗಲಿಲ್ಲ, ಅಷ್ಟು ಸಾಕು ನನಗ’ ಅಂದರು. ಎಂಟನೆಯ ವಯಸ್ಸಿನ ಅಂಜಿಕೆ ಅವತ್ತು ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ಮರುವಾರ. ಗುಳಿಗೆ ಕೆಲಸ ಹಿಡಿಯುವ ಮೊದಲೇ ಪೂಜೆಗೆ ಕೂತಿದ್ದರು, ಗೆರೆಯಾದ ಬೆಳಕು ಕಂಡು ನಾನು ಕೈ ಚಾಚಿದವಳು ನಡುವೆಯೇ ತಡೆದುಕೊಂಡೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅವರು ತಲೆ ಎತ್ತದೆ ಅಂದರು: ‘ಲಿಂಗ ಮುಟ್ಟಬ್ಯಾಡವ್ವ, ಕೈ ಹಿಡಿ.’ ಅವರ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ಸೆಕೆಂಡಿಗೆ ನಾಲ್ಕೈದು ಸಲ ಬಡಿಯುವ ನಡುಕ ನನ್ನ ಮೊಣಕೈವರೆಗೂ ಬಂತು. ಸ್ವಲ್ಪ ಹೊತ್ತಿಗೆ ಗೆರೆ ಮತ್ತೆ ಚುಕ್ಕೆಯಾಯಿತು. ಪೂರ್ತಿ ಅಲ್ಲ, ಸುಮಾರಾಗಿ. ಅಪ್ಪಾಜಿ ಅವತ್ತು ಅರ್ಧ ಗಂಟೆ ಕೂತರು.

ಕರಸ್ಥಲ ಎಂದರೆ ನಡುಗದ ಕೈ ಎಂದು ಯಾರೂ ಹೇಳಿಲ್ಲ, ನಾವೇ ಹಾಗೆ ತಿಳಿದಿದ್ದೆವು. ಅವರ ಕಾಯಕ ಈಗ ಆ ಅರ್ಧ ಗಂಟೆ, ನನ್ನದು ಅದರ ಕೆಳಗಿನ ಕೈ. ಇದು ನನ್ನ ತೀರ್ಮಾನ. ಮಠದ ಅಯ್ಯನವರಲ್ಲಿ ಒಂದು ವಿನಂತಿ. ಎಂಟು ವರ್ಷದ ಮಕ್ಕಳಿಗೆ ಲಿಂಗದೀಕ್ಷೆ ಕೊಡುವಾಗ, ಲಿಂಗ ಬಿದ್ದರೆ ಏನಾಗುತ್ತದೆ ಎಂದು ಹೆದರಿಸಬೇಡಿ. ಮುಂದೆ ಎಂದಾದರೂ ನಿಮ್ಮ ಕೈ ನಡುಗಬಹುದು, ಆಗ ಕೆಳಗೆ ಇನ್ನೊಂದು ಕೈ ಇಟ್ಟುಕೊಳ್ಳಿ, ತಪ್ಪಿಲ್ಲ ಎಂದು ಅವತ್ತೇ ಹೇಳಿಕೊಡಿ.