ಅಲ್ಸರ್‌ಗೆ ಕಾರಣ ಮೈಯೋ, ಮನಸ್ಸೋ?

ಹೊಟ್ಟೆಯಲ್ಲಿ ಉರಿ ಎಂದು ಹೇಳಿಕೊಂಡವರಿಗೆ ನಮ್ಮಲ್ಲಿ ಎರಡು ಉತ್ತರ ಸದಾ ಸಿದ್ಧ. ‘ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ, ಖಾರ ಜಾಸ್ತಿ ತಿಂತೀರಿ, ಗ್ಯಾಸ್ಟ್ರಿಕ್ ಆಗಿದೆ’ ಎನ್ನುವುದು ಒಂದು. ‘ಸುಮ್ಮನೆ ಟೆನ್ಷನ್ ಮಾಡ್ಕೋತೀರಿ, ಅದಕ್ಕೇ ಹೀಗೆ’ ಎನ್ನುವುದು ಇನ್ನೊಂದು. ಮೊದಲನೆಯದು ದೇಹವನ್ನು ದೂರುತ್ತದೆ, ಎರಡನೆಯದು ಮನಸ್ಸನ್ನು. ಆದರೆ ಇಬ್ಬರೂ ಒಂದು ಮಾತನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ: ಕಾಯಿಲೆಗೆ ನಿಜವಾದ ಕಾರಣ ಒಂದೇ ಇರಬೇಕು, ಅದು ಮೈಗೆ ಸೇರಿದ್ದೋ ಮನಸ್ಸಿಗೆ ಸೇರಿದ್ದೋ ಇತ್ಯರ್ಥವಾಗಬೇಕು. ಈ ಒಪ್ಪಿಗೆಯೇ ತಪ್ಪು ಎಂಬುದು ನನ್ನ ವಾದ. ಅದನ್ನು ತೋರಿಸಲು ಅಲ್ಸರ್‌ನ (ಹೊಟ್ಟೆಯ ಹುಣ್ಣಿನ) ಚರಿತ್ರೆ ಸಾಕು. ವೈದ್ಯಶಾಸ್ತ್ರ ಇಪ್ಪತ್ತನೆಯ ಶತಮಾನದಲ್ಲಿ ಮೊದಲು ಒಂದು ಕಡೆಗೆ, ಆಮೇಲೆ ಇನ್ನೊಂದು ಕಡೆಗೆ ಪೂರ್ತಿ ವಾಲಿದ್ದು ಈ ಕಾಯಿಲೆಯ ವಿಷಯದಲ್ಲೇ.

ಅಮೆರಿಕದಲ್ಲಿ ಟಾಮ್ ಎಂಬ ಒಬ್ಬನಿದ್ದ. 1895ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಕುದಿಯುವ ಸಾರು ನುಂಗಿ ಅವನ ಅನ್ನನಾಳ ಸುಟ್ಟು ಮುಚ್ಚಿಹೋಯಿತು. ಶಸ್ತ್ರವೈದ್ಯರು ಹೊಟ್ಟೆಯ ಮೇಲೆ ಒಂದು ರಂಧ್ರ ಮಾಡಿ ನೇರವಾಗಿ ಜಠರಕ್ಕೆ ದಾರಿ ಕೊಟ್ಟರು. ಅಂದಿನಿಂದ ಅವನು ಆಹಾರವನ್ನು ಬಾಯಲ್ಲಿ ಅಗಿದು ರುಚಿ ನೋಡಿ, ಲಾಳಿಕೆಯ ಮೂಲಕ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ನ್ಯೂಯಾರ್ಕಿನ ವೈದ್ಯರಾದ ಸ್ಟೀವರ್ಟ್ ವೂಲ್ಫ್ ಮತ್ತು ಹೆರಾಲ್ಡ್ ವೂಲ್ಫ್ ಅವನಿಗೆ ತಮ್ಮ ಪ್ರಯೋಗಾಲಯದಲ್ಲೇ ಕೆಲಸ ಕೊಟ್ಟು, ಆ ರಂಧ್ರದಿಂದ ಜಠರದ ಒಳಗೋಡೆಯನ್ನು ತಿಂಗಳುಗಟ್ಟಲೆ ನೋಡಿದರು. ಟಾಮ್‌ಗೆ ಸಿಟ್ಟು ಬಂದಾಗ ಆ ಗೋಡೆ ಕೆಂಪೇರುತ್ತಿತ್ತು, ಆಮ್ಲ ಹೆಚ್ಚು ಸುರಿಯುತ್ತಿತ್ತು. ಹೆದರಿದಾಗ ಅದು ಬಿಳಿಚಿಕೊಳ್ಳುತ್ತಿತ್ತು. ಮುಖದಲ್ಲಿ ಕಾಣುವ ಬಣ್ಣ ಹೊಟ್ಟೆಯೊಳಗೂ ಕಾಣುತ್ತಿತ್ತು. 1943ರಲ್ಲಿ ಅವರ ಪುಸ್ತಕ ಬಂತು. ಅಲ್ಸರ್ ಎಂದರೆ ಜವಾಬ್ದಾರಿ ಹೊತ್ತು ಒಳಗೊಳಗೇ ಕುದಿಯುವವರ ಕಾಯಿಲೆ ಎಂಬ ಆಗಿನ ನಂಬಿಕೆಗೆ ಇಂಥ ಅವಲೋಕನಗಳು ಬಲ ಕೊಟ್ಟವು. ರೋಗಿಗಳಿಗೆ ಹಾಲು, ಸಪ್ಪೆ ಊಟ, ವಿಶ್ರಾಂತಿ. ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ.

ಲೋಲಕ ಇನ್ನೊಂದು ಕಡೆಗೆ ಹೋದದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ರೋಗಶಾಸ್ತ್ರಜ್ಞ ರಾಬಿನ್ ವಾರೆನ್ 1979ರಲ್ಲಿ ಜಠರದ ಅಂಗಾಂಶದ ಮೇಲೆ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಅಷ್ಟು ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ಹೆಚ್ಚಿನವರು ಅದನ್ನು ನಂಬಲಿಲ್ಲ. ಯುವ ವೈದ್ಯ ಬ್ಯಾರಿ ಮಾರ್ಷಲ್ ಜೊತೆಗೂಡಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸುವ ಯತ್ನ ಸಲಸಲವೂ ಸೋತಿತ್ತು, ಏಕೆಂದರೆ ಎರಡು ದಿನವಾದ ಮೇಲೆ ತಟ್ಟೆಗಳನ್ನು ಎಸೆದುಬಿಡುವುದು ಅಲ್ಲಿನ ರೂಢಿ. 1982ರ ಈಸ್ಟರ್ ರಜೆಯಲ್ಲಿ ಅವು ಹಾಗೇ ಒಳಗೆ ಉಳಿದವು, ರಜೆ ಮುಗಿಸಿ ಬಂದಾಗ ಬ್ಯಾಕ್ಟೀರಿಯಾ ಬೆಳೆದಿತ್ತು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದರು. ಕೆಲವೇ ದಿನದಲ್ಲಿ ವಾಂತಿ ಶುರುವಾಯಿತು, ಜಠರ ಊದಿಕೊಂಡದ್ದು ಪರೀಕ್ಷೆಯಲ್ಲಿ ಕಂಡಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಆ ಜೀವಿಯನ್ನು ಆಂಟಿಬಯಾಟಿಕ್ ಕೊಟ್ಟು ತೊಲಗಿಸಿದರೆ, ವರ್ಷವರ್ಷವೂ ಮರುಕಳಿಸುತ್ತಿದ್ದ ಹುಣ್ಣು ಬಹುತೇಕ ಜನರಲ್ಲಿ ಮತ್ತೆ ಬರಲಿಲ್ಲ. ಎಷ್ಟೋ ಜನರ ಹೊಟ್ಟೆ ಕೊಯ್ಯುವುದನ್ನು ತಪ್ಪಿಸಿದ ಈ ಕೆಲಸಕ್ಕೆ 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದು ಸಲ್ಲಬೇಕಾದ ಗೌರವ. ಆದರೆ ಅದರ ಜೊತೆಗೇ ಒಂದು ಅವಸರದ ತೀರ್ಪೂ ಹರಡಿತು: ಅಲ್ಸರ್‌ಗೂ ಮನಸ್ಸಿಗೂ ಸಂಬಂಧವಿಲ್ಲ, ಅದೊಂದು ಸೋಂಕು, ಅಷ್ಟೇ.

ಇಲ್ಲಿ ನಿಲ್ಲಬೇಕು. ಜಗತ್ತಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಸಿತ್ತೆಂದು ಅಂದಾಜು. ನಮ್ಮ ದೇಶದಲ್ಲಂತೂ ಅದು ಸರ್ವೇಸಾಮಾನ್ಯ. ಅವರಲ್ಲಿ ಬಹುಪಾಲು ಜನರಿಗೆ ಜೀವಮಾನದಲ್ಲಿ ಹುಣ್ಣಾಗುವುದಿಲ್ಲ. ಮಾರ್ಷಲ್ ಅವರಿಗೂ ಆದದ್ದು ಜಠರದ ಉರಿಯೂತ, ಹುಣ್ಣಲ್ಲ. ಇತ್ತ, ಬ್ಯಾಕ್ಟೀರಿಯಾ ಇಲ್ಲದೆಯೂ ನೋವಿನ ಮಾತ್ರೆಗಳನ್ನು ನುಂಗಿ ನುಂಗಿ ಹುಣ್ಣು ತಂದುಕೊಂಡವರಿದ್ದಾರೆ. 1995ರ ಜನವರಿಯಲ್ಲಿ ಜಪಾನಿನ ಕೋಬೆ ಪ್ರದೇಶದಲ್ಲಿ ಭೂಕಂಪವಾದ ಮೇಲೆ, ರಕ್ತ ಸೋರುವ ಹುಣ್ಣಿನವರು ಅಲ್ಲಿನ ಆಸ್ಪತ್ರೆಗಳಿಗೆ ಹೆಚ್ಚಾಗಿ ಬಂದರು. ನೆಲ ನಡುಗಿದ್ದರಿಂದ ಅವರ ಹೊಟ್ಟೆಗೆ ಹೊಸ ಬ್ಯಾಕ್ಟೀರಿಯಾ ಬಂದಿರಲಿಲ್ಲ. ಡೆನ್ಮಾರ್ಕಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಹತ್ತಕ್ಕೂ ಹೆಚ್ಚು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಬದುಕಿನ ಒತ್ತಡ ಹೆಚ್ಚಿದ್ದವರಲ್ಲಿ ಅಲ್ಸರ್ ಹೆಚ್ಚು, ಸೋಂಕಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಹಾಗಾದರೆ ‘ಕಾರಣ’ ಎಂದರೇನು? ಆಸ್ಟ್ರೇಲಿಯಾದವರೇ ಆದ ತತ್ತ್ವಜ್ಞಾನಿ ಜೆ. ಎಲ್. ಮ್ಯಾಕಿ 1965ರಲ್ಲಿ ಈ ಪ್ರಶ್ನೆಗೆ ಕೊಟ್ಟ ಉತ್ತರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಒಂದು ಮನೆಗೆ ಬೆಂಕಿ ಬೀಳುತ್ತದೆ. ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ತಜ್ಞರು ಬರೆಯುತ್ತಾರೆ. ಶಾರ್ಟ್ ಸರ್ಕ್ಯೂಟ್ ಒಂದರಿಂದಲೇ ಮನೆ ಸುಡುವುದಿಲ್ಲ. ಹತ್ತಿರದಲ್ಲಿ ಹೊತ್ತಿಕೊಳ್ಳುವ ವಸ್ತು ಇರಬೇಕು, ನಂದಿಸುವ ಏರ್ಪಾಡು ಇರಬಾರದು. ಶಾರ್ಟ್ ಸರ್ಕ್ಯೂಟ್ ಇಲ್ಲದೆಯೂ ಮನೆ ಸುಡಬಹುದು, ಒಲೆ ಮಗುಚಿದರೂ ಸಾಕು. ಆದರೂ ಅದನ್ನು ಕಾರಣ ಎನ್ನುವುದು ಸರಿಯೇ. ಹೇಗೆಂದರೆ, ಆ ದಿನ ಆ ಮನೆಯಲ್ಲಿ ಕೂಡಿಬಂದ ಸಂಗತಿಗಳ ಒಂದು ಗುಂಪು ಬೆಂಕಿ ಹೊತ್ತಿಸಲು ಸಾಕಾಗಿತ್ತು. ಗುಂಪಿನಿಂದ ಶಾರ್ಟ್ ಸರ್ಕ್ಯೂಟನ್ನು ತೆಗೆದರೆ ಉಳಿದವುಗಳ ಕೈಯಲ್ಲಿ ಏನೂ ಆಗುತ್ತಿರಲಿಲ್ಲ. ಅದೊಂದೇ ಸಾಲದು, ಆದರೆ ಆ ಗುಂಪಿಗೆ ಅದು ಬೇಕೇಬೇಕು. ಬೇರೆ ಗುಂಪುಗಳಿಂದಲೂ ಬೆಂಕಿ ಬೀಳಬಹುದು ಎಂಬುದರಿಂದ ಈ ಮಾತು ಸುಳ್ಳಾಗುವುದಿಲ್ಲ.

ನಮ್ಮ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರಿಗೂ ಈ ವಿಚಾರ ಹೊಸದಲ್ಲ. ಮಣ್ಣು, ಕುಂಬಾರ, ತಿಗರಿ, ಕೋಲು ಎಲ್ಲ ಕೂಡಿದಾಗಲೇ ಗಡಿಗೆ. ಹಾಗೆ ಕೂಡಿದ್ದನ್ನು ಅವರು ಸಾಮಗ್ರಿ ಎಂದರು. ಗಡಿಗೆಯಲ್ಲಿ ಮಣ್ಣಿನ ಪಾಲು ಶೇಕಡಾ 60, ಕುಂಬಾರನ ಪಾಲು ಶೇಕಡಾ 40 ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ‘ನನ್ನ ಕಾಯಿಲೆಯಲ್ಲಿ ಮನಸ್ಸಿನ ಪಾಲೆಷ್ಟು?’ ಎಂಬ ಪ್ರಶ್ನೆಯೂ ಅಂಥದ್ದೇ. ಸಾವಿರಾರು ಜನರ ನಡುವಿನ ವ್ಯತ್ಯಾಸಕ್ಕೆ ಯಾವುದು ಎಷ್ಟು ಹೊಣೆ ಎಂದು ಸಂಖ್ಯಾಶಾಸ್ತ್ರ ಹೇಳಬಲ್ಲದು. ಒಬ್ಬ ಮನುಷ್ಯನ ಹೊಟ್ಟೆಯೊಳಗೆ ಆ ಭಾಗಾಕಾರ ನಡೆಯುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಸಡಿಲ ಮಾಡಿದ ಲೋಳೆಪದರದ ಮೇಲೆಯೇ ಸಿಟ್ಟು ಹೆಚ್ಚಿಸಿದ ಆಮ್ಲ ಬೀಳುತ್ತದೆ. ಆ ಸಿಟ್ಟೂ ಗಾಳಿಯಲ್ಲಿ ಬರುವುದಿಲ್ಲ; ಮಿದುಳಿನಿಂದ ವೇಗಸ್ ನರದ ಮೂಲಕ ಇಳಿದು ಜಠರಕ್ಕೆ ತಲುಪುತ್ತದೆ. ಟಾಮ್‌ನ ಹೊಟ್ಟೆಯಲ್ಲಿ ವೈದ್ಯರು ಕಂಡ ಕೆಂಪು, ಸಿಟ್ಟು ದೇಹದಲ್ಲೇ ನಡೆಯುವ ಸಂಗತಿ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ.

ಗುಂಪಿನಲ್ಲಿ ಯಾವುದನ್ನು ಎತ್ತಿ ‘ಇದೇ ಕಾರಣ’ ಎನ್ನುತ್ತೇವೆ ಎಂಬುದು ನಮ್ಮ ಕೈಗೆ ಸಿಗುವ ಹಿಡಿಕೆಯನ್ನು ಅವಲಂಬಿಸಿದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಆರ್. ಜಿ. ಕಾಲಿಂಗ್‌ವುಡ್ ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ವೈದ್ಯರ ಬಳಿ ಆಂಟಿಬಯಾಟಿಕ್ ಇದೆ, ಅವರು ಬ್ಯಾಕ್ಟೀರಿಯಾ ಎನ್ನುತ್ತಾರೆ. ಆರೋಗ್ಯ ಇಲಾಖೆಯವರಿಗೆ ಕಾಣುವುದು ಕಿಕ್ಕಿರಿದ ಮನೆ, ಶುದ್ಧವಲ್ಲದ ನೀರು. ಮೂರು ಪಾಳಿ ಬದಲಾಯಿಸುತ್ತ ನಿದ್ದೆಗೆಟ್ಟ ಕಾರ್ಮಿಕ ತನ್ನ ದುಡಿಮೆಯನ್ನೇ ತೋರಿಸುತ್ತಾನೆ. ಎಲ್ಲರ ಮಾತೂ ಒಟ್ಟಿಗೇ ನಿಜವಾಗಬಹುದು. 1977ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್, ರೋಗಿಯನ್ನು ನೋಡುವಾಗ ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದರ ತಿರುಳೂ ಇದೇ.

ಇದು ಬರಿಯ ಶಾಸ್ತ್ರಚರ್ಚೆ ಆಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲ. ‘ಮನಸ್ಸಿನಿಂದ ಬಂದದ್ದು’ ಎಂಬ ಮಾತು ನಮ್ಮ ಮನೆಗಳಲ್ಲಿ ‘ನೀನೇ ತಂದುಕೊಂಡದ್ದು’ ಎಂಬ ದೂಷಣೆಯಾಗಿ ಬೀಳುತ್ತದೆ, ಅದೂ ಹೆಚ್ಚಾಗಿ ಹೆಂಗಸರ ಮೇಲೆ. ನೋವು ಹೇಳಿಕೊಂಡವಳು ಸುಮ್ಮನಾಗುತ್ತಾಳೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಇನ್ನೊಂದು ತುದಿಯಲ್ಲಿ, ಮನಸ್ಸು ಗಟ್ಟಿ ಮಾಡಿಕೊಂಡರೆ ಯಾವ ರೋಗವೂ ವಾಸಿಯಾಗುತ್ತದೆ ಎಂದು ಹೇಳಿ ಔಷಧಿ ಬಿಡಿಸುವವರಿದ್ದಾರೆ. ಅವರಿಂದ ಆಗುವ ಹಾನಿ ಇನ್ನೂ ದೊಡ್ಡದು, ಏಕೆಂದರೆ ಧ್ಯಾನದಿಂದ ಪೈಲೋರಿ ಸಾಯುವುದಿಲ್ಲ.

ಹಾಗಾಗಿ ಹೊಟ್ಟೆನೋವು ಬಿಡದೆ ಕಾಡುತ್ತಿದ್ದರೆ ಪರೀಕ್ಷೆ ಮಾಡಿಸಿ. ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ವೈದ್ಯರು ಎರಡು ವಾರದ ಔಷಧಿ ಬರೆದುಕೊಟ್ಟರೆ, ನಾಲ್ಕು ದಿನಕ್ಕೆ ಉರಿ ಇಳಿಯಿತೆಂದು ಬಿಡದೆ ಪೂರ್ತಿ ನುಂಗಿ. ನಿದ್ದೆ ಎಷ್ಟು, ಸಿಗರೇಟು ಎಷ್ಟು, ಯಾವ ನೋವಿನ ಮಾತ್ರೆ, ಮನೆಯಲ್ಲಿ ಏನು ಕಷ್ಟ ಎಂಬುದನ್ನೂ ಅದೇ ವೈದ್ಯರಿಗೆ ಹೇಳಿ. ಅವರು ಕೇಳದಿದ್ದರೂ ಹೇಳಿ.