ಮುಖಪುಟದಲ್ಲಿಲ್ಲದ ಹೆಸರು

ಒಂದು ಹಾಡು ಮನಸ್ಸನ್ನು ಸೆಳೆದಾಗ ನಾವು ಮೊದಲು ಕೇಳುವುದು ಹಾಡಿದವರು ಯಾರೆಂದು. ಆಸಕ್ತಿ ಇನ್ನೂ ಸ್ವಲ್ಪ ಹೆಚ್ಚಿದ್ದರೆ ರಾಗ ಹಾಕಿದವರು ಯಾರೆಂದು ವಿಚಾರಿಸುತ್ತೇವೆ. ಅಲ್ಲಿಗೆ ನಮ್ಮ ಕುತೂಹಲ ತಣಿಯುತ್ತದೆ. ಎರಡನೆಯ ಚರಣದಲ್ಲಿ ಪಿಟೀಲುಗಳೆಲ್ಲ ಮೌನವಾಗಿ ಕೊಳಲೊಂದೇ ಉಳಿಯಬೇಕೆಂದು ನಿರ್ಧರಿಸಿದವರು ಯಾರೆಂದು ಕೇಳುವವರು ವಿರಳ. ನಮ್ಮ ಕಣ್ಣು ತೇವವಾದದ್ದು ಬಹುಶಃ ಆ ನಿರ್ಧಾರದಿಂದಲೇ ಇರಬಹುದು. ಹೀಗೆ ಒಬ್ಬರ ದುಡಿಮೆ ಇನ್ನೊಬ್ಬರ ಹೆಸರಿನೊಳಗೆ ಕರಗಿಹೋಗುವಾಗ, ಅದರ ಫಲವನ್ನು ಉಣ್ಣುವ ನಮಗೆ ಏನಾದರೂ ಕರ್ತವ್ಯವಿದೆಯೇ? ಅಮೆರಿಕದ ಜಾಝ್ ಸಂಗೀತದಲ್ಲಿ ಅರ್ಧ ಶತಮಾನ ದುಡಿದ ಮೆಲ್ಬಾ ಲಿಸ್ಟನ್ ಎಂಬ ಮಹಿಳೆಯ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತದೆ.

ಮೆಲ್ಬಾ 1926ರಲ್ಲಿ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ಒಂದು ಕರಿಯ ಕುಟುಂಬದಲ್ಲಿ ಜನಿಸಿದರು. ಏಳರ ವಯಸ್ಸಿನಲ್ಲಿ ಟ್ರೊಂಬೋನನ್ನು ಕಂಡು, ಅದೇ ಬೇಕೆಂದು ಹಟ ಹಿಡಿದರು. ಬ್ಯಾಂಡಿನಲ್ಲಿ ತೋಳನ್ನು ಚಾಚಿ, ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಜಾರಿಸಿ ನುಡಿಸುವ ಹಿತ್ತಾಳೆಯ ವಾದ್ಯವನ್ನು ನೀವು ನೋಡಿರಬಹುದು, ಅದೇ ಟ್ರೊಂಬೋನ್. ಅದರಲ್ಲಿ ಬೆರಳಿಗೆ ದಾರಿ ತೋರಿಸುವ ಗುಂಡಿಗಳಿಲ್ಲ. ಏಳು ಸ್ಥಾನಗಳನ್ನು ಕೈಯೂ ಕಿವಿಯೂ ಸೇರಿ ಗಾಳಿಯಲ್ಲೇ ಹುಡುಕಿಕೊಳ್ಳಬೇಕು. ಕಡೆಯ ಸ್ಥಾನಗಳು ಆ ಪುಟ್ಟ ತೋಳಿಗೆ ಎಟುಕುತ್ತಿರಲಿಲ್ಲವಾದ್ದರಿಂದ ತಲೆಯನ್ನು ಪಕ್ಕಕ್ಕೆ ವಾಲಿಸಿ ನುಡಿಸಬೇಕಾಗುತ್ತಿತ್ತು. ತಾತ ಒಂದಿಷ್ಟು ನೆರವಾದರು. ಉಳಿದದ್ದು ಸ್ವಂತ ಕಲಿಕೆ. 1937ರಲ್ಲಿ ಕುಟುಂಬ ಲಾಸ್ ಏಂಜಲಿಸ್‌ಗೆ ಬಂದು ನೆಲೆಸಿತು. ಹದಿಹರೆಯ ದಾಟುವ ಮೊದಲೇ ಮೆಲ್ಬಾ ನಾಟಕಶಾಲೆಯ ವಾದ್ಯವೃಂದದಲ್ಲಿ ಸಂಬಳದ ಕೆಲಸಕ್ಕೆ ಸೇರಿದರು. ಆಮೇಲೆ ಜೆರಾಲ್ಡ್ ವಿಲ್ಸನ್ ಅವರ ದೊಡ್ಡ ಬ್ಯಾಂಡಿನಲ್ಲಿ ವಾದಕಿಯಾದರು, ಸ್ವರಸಂಯೋಜನೆ ಬರೆಯತೊಡಗಿದರು.

ಈ ಸ್ವರಸಂಯೋಜನೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು; ನಮ್ಮ ಪ್ರಶ್ನೆಯ ತಿರುಳಿರುವುದು ಇಲ್ಲೇ. ಜಾಝ್‌ನಲ್ಲಿ ಬಿಗ್ ಬ್ಯಾಂಡ್ ಎಂದರೆ ಹದಿನೈದು ಹದಿನೆಂಟು ಮಂದಿಯ ವಾದ್ಯವೃಂದ: ಟ್ರಂಪೆಟ್‌ಗಳ ಸಾಲು, ಟ್ರೊಂಬೋನ್‌ಗಳ ಸಾಲು, ಸ್ಯಾಕ್ಸೊಫೋನ್‌ಗಳ ಸಾಲು, ಜೊತೆಗೆ ಪಿಯಾನೊ, ಡ್ರಮ್ಸ್. ಒಬ್ಬರು ಒಂದು ಮಧುರವಾದ ರಾಗವನ್ನು ತಂದುಕೊಟ್ಟರೆ ಅದು ಬರಿಯ ಎಳೆ ಮಾತ್ರ. ಅದನ್ನು ಮೊದಲು ಯಾವ ವಾದ್ಯ ನುಡಿಸಬೇಕು, ಅದರಡಿಯಲ್ಲಿ ಯಾವ ಸ್ವರಗಳು ಹಾಸಿಕೊಂಡಿರಬೇಕು, ಎಲ್ಲರೂ ಒಟ್ಟಿಗೆ ಎಲ್ಲಿ ಮೊರೆಯಬೇಕು, ಎಲ್ಲಿ ಹದಿನೇಳು ಮಂದಿ ಉಸಿರು ಹಿಡಿದು ಒಬ್ಬನಿಗೆ ದಾರಿ ಬಿಡಬೇಕು ಎಂಬುದನ್ನೆಲ್ಲ ಯೋಚಿಸಿ, ಪ್ರತಿಯೊಬ್ಬರ ಪಾಲನ್ನೂ ಕಾಗದದ ಮೇಲೆ ಬರೆದುಕೊಡುವವರೇ ಸಂಯೋಜಕರು. ಶ್ರೋತೃಗಳು ಕೇಳುವುದರಲ್ಲಿ ಬಹುಪಾಲು ಅವರ ಕೆಲಸ. ಆದರೆ ಧ್ವನಿಮುದ್ರಿಕೆಯ ಮುಖಪುಟದಲ್ಲಿ ಅಚ್ಚಾಗುವುದು ಬ್ಯಾಂಡಿನ ನಾಯಕನ ಹೆಸರು.

ಪ್ರಸಿದ್ಧ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ ಮೆಲ್ಬಾರನ್ನು ತಮ್ಮ ಬ್ಯಾಂಡಿಗೆ ಕರೆಸಿಕೊಂಡಾಗ ನಡೆದ ಘಟನೆಯೊಂದನ್ನು ಅವರೇ ಮುಂದೆ ನೆನೆದಿದ್ದಾರೆ. ಟ್ರೊಂಬೋನ್ ನುಡಿಸಲು ಅಷ್ಟು ದೂರದ ಕ್ಯಾಲಿಫೋರ್ನಿಯದಿಂದ ಒಬ್ಬ ಹೆಂಗಸನ್ನು ಕರೆಸಬೇಕಿತ್ತೇ ಎಂದು ಗಂಡಸರು ಗೊಣಗಿದರು. ಬಳಸಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಗಿಲೆಸ್ಪಿ ವಾದಕ್ಕಿಳಿಯದೆ, ಮೆಲ್ಬಾ ಬರೆದು ತಂದಿದ್ದ ಹಾಳೆಗಳನ್ನು ಹಂಚಿಸಿದರು. ಗೊಣಗಿದವರಿಗೆ ಎರಡು ಸಾಲು ದಾಟಲಾಗಲಿಲ್ಲ. ಅಂದಿನಿಂದ ಗೌರವ ಬಂತು. ಗೌರವದ ಜೊತೆಗೆ ಇನ್ನೊಂದೂ ಬಂತು: ಸಹವಾದಕರ ಅಂಗಿಗೆ ಗುಂಡಿ ಹೊಲಿಯುವುದು, ಕೂದಲು ಕತ್ತರಿಸುವುದು. ಎಲ್ಲರಿಗೂ ಅಕ್ಕ, ಅಮ್ಮ ಆದರು. ಇದನ್ನು ಓದಿ ನಿಮ್ಮ ಮುಖದಲ್ಲಿ ನಗು ಮೂಡಿದರೆ, ಪರೀಕ್ಷೆಯಲ್ಲಿ ಗೆದ್ದ ಗಂಡಸಿನ ಕೈಗೂ ಸೂಜಿದಾರ ಬರುತ್ತಿತ್ತೇ ಎಂದೂ ಒಮ್ಮೆ ಯೋಚಿಸಿರಿ.

1949ರಲ್ಲಿ ಗಾಯಕಿ ಬಿಲಿ ಹಾಲಿಡೇ ಅವರೊಂದಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಡೆಸಿದ ಪ್ರವಾಸ ಸೋತುಹೋಯಿತು. ಬೇಸತ್ತ ಮೆಲ್ಬಾ ಟ್ರೊಂಬೋನನ್ನು ಬದಿಗಿಟ್ಟು ಕೆಲವು ವರ್ಷ ಲಾಸ್ ಏಂಜಲಿಸಿನ ಶಿಕ್ಷಣ ಮಂಡಳಿಯಲ್ಲಿ ಗುಮಾಸ್ತೆಯಾದರು. 1956ರಲ್ಲಿ ಅಮೆರಿಕ ಸರ್ಕಾರ ಗಿಲೆಸ್ಪಿಯವರನ್ನು ತನ್ನ ಸಂಗೀತ ರಾಯಭಾರಿಯಾಗಿ ಇರಾನ್, ಪಾಕಿಸ್ತಾನ, ಸಿರಿಯ, ತುರ್ಕಿ, ಯುಗೊಸ್ಲಾವಿಯ ಮೊದಲಾದ ದೇಶಗಳಿಗೆ ಕಳುಹಿಸಿದಾಗ ಅವರು ಮತ್ತೆ ಮೆಲ್ಬಾರನ್ನು ಕರೆದರು. (ತನ್ನ ನೆಲದಲ್ಲಿ ಕರಿಯರನ್ನು ಬೇರೆ ಕೂರಿಸುತ್ತಿದ್ದ ದೇಶ ಹೊರಗೆ ಅವರನ್ನೇ ಮುಂದಿಟ್ಟುಕೊಂಡು ಹೆಮ್ಮೆಪಟ್ಟಿತು.) ಆ ಬ್ಯಾಂಡಿಗಾಗಿ ಮೆಲ್ಬಾ, ಫ್ರೆಂಚ್ ಸಂಗೀತಕಾರ ಡೆಬುಸ್ಸಿಯ ಕೃತಿಯೊಂದನ್ನು ಆಧರಿಸಿದ ‘ಮೈ ರೆವರಿ’ ಎಂಬ ಹಾಡಿಗೆ ಹೊಸ ರೂಪ ಕೊಟ್ಟರು. 1958ರಲ್ಲಿ ‘ಮೆಲ್ಬಾ ಲಿಸ್ಟನ್ ಅಂಡ್ ಹರ್ ಬೋನ್ಸ್’ ಧ್ವನಿಮುದ್ರಿಕೆಗೆ ಟ್ರೊಂಬೋನ್ ವಾದಕರನ್ನೇ ಕಲೆಹಾಕಿ ನುಡಿಸಿದರು. ನಾಯಕಿಯಾಗಿ ಅವರು ಹೊರತಂದದ್ದು ಅದೊಂದೇ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಮೆಲ್ಬಾ ಸ್ವಭಾವತಃ ಸಂಕೋಚದವರು. ಒಬ್ಬರೇ ಎದ್ದುನಿಂತು ನುಡಿಸುವುದು ಅವರಿಗೆ ಪ್ರಿಯವಾಗಿರಲಿಲ್ಲ. 1947ರಲ್ಲಿ ಗೆಳೆಯ ಡೆಕ್ಸ್ಟರ್ ಗಾರ್ಡನ್ ಒತ್ತಾಯಿಸಿಯೇ ಅವರನ್ನು ತಮ್ಮ ಧ್ವನಿಮುದ್ರಣಕ್ಕೆ ಕರೆದೊಯ್ಯಬೇಕಾಯಿತು. ಅವರೇ ಮರೆಯನ್ನು ಬಯಸಿದ್ದರೆ ನಾವೇಕೆ ವ್ಯಥೆಪಡಬೇಕು? ತೆರೆಮರೆಯ ಸೇವೆಯೇ ಶ್ರೇಷ್ಠವೆಂದು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲವೇ?

ಹೇಳಿಕೊಡುತ್ತೇವೆ, ಹೇಳಿಕೊಡಬೇಕು ಕೂಡ. ಆದರೆ ಹೊಗಳಿಕೆಯನ್ನು ಬೇಡವೆನ್ನುವ ಅಧಿಕಾರ ದುಡಿದವರದು. ಪಡೆದುಕೊಂಡ ನಾವು ಅದನ್ನು ಅವರ ಪರವಾಗಿ ಬೇಡವೆನ್ನಲು ಬಾರದು. ಸಾಲ ಕೊಟ್ಟವನು ಉದಾರಿಯೆಂಬ ಕಾರಣಕ್ಕೆ ಸಾಲಗಾರ ಲೆಕ್ಕವನ್ನೇ ಮರೆತರೆ ಅದನ್ನು ಯಾರೂ ಸದ್ಗುಣವೆನ್ನುವುದಿಲ್ಲ. ವಿನಯವನ್ನು ಇನ್ನೊಬ್ಬರ ಹೆಗಲಿಗೆ ಹೊರಿಸುವುದು ಎಷ್ಟು ಸುಲಭ! ಮನೆಗಳಲ್ಲಿ, ಕಚೇರಿಗಳಲ್ಲಿ ಅದನ್ನು ಹೆಚ್ಚಾಗಿ ಹೆಣ್ಣಿನ ಹೆಗಲಿಗೇ ಹೊರಿಸುತ್ತೇವೆ.

ಇದಕ್ಕಿಂತ ಆಳವಾದ ಮಾತೊಂದಿದೆ. ಮರೆವಿನಿಂದ ನಷ್ಟ ಮೆಲ್ಬಾರಿಗೆ ಮಾತ್ರವೆಂದು ತಿಳಿದರೆ ಒಂದು ಬಿರುದಿನಿಂದ, ಒಂದು ಸನ್ಮಾನದಿಂದ ಅದನ್ನು ಸರಿದೂಗಿಸಬಹುದು. ಅವರಿಗೂ 1987ರಲ್ಲಿ ‘ಜಾಝ್ ಮಾಸ್ಟರ್’ ಎಂಬ ರಾಷ್ಟ್ರೀಯ ಗೌರವ ದೊರೆಯಿತು. ಆದರೆ ಸತ್ಯಕ್ಕಾಗುವ ನಷ್ಟವೋ? ಮಹತ್ವದ ಕೃತಿಯೆಲ್ಲ ಒಬ್ಬನೇ ಪ್ರತಿಭಾವಂತನ ತಲೆಯಿಂದ ಹೊಮ್ಮುತ್ತದೆಂದು ನಂಬುವವನು ಲೋಕ ನಡೆಯುವ ಬಗೆಯನ್ನೇ ತಪ್ಪಾಗಿ ತಿಳಿದಿದ್ದಾನೆ. ಅಂಥವನು ತನ್ನ ಯಶಸ್ಸನ್ನೂ ಹಾಗೆಯೇ ಎಣಿಸುತ್ತಾನೆ. ತನ್ನ ಅನ್ನವನ್ನು ಬೇಯಿಸಿದ ಕೈ ಅವನಿಗೆ ಕಾಣುವುದಿಲ್ಲ. ಕಿವಿಯೂ ಅಷ್ಟೇ: ಯಾರೋ ಯೋಚಿಸಿ ಇಟ್ಟ ಮೌನವನ್ನು ಗುರುತಿಸದ ಕಿವಿ ಆ ಸಂಗೀತದ ಅರ್ಧವನ್ನಷ್ಟೇ ಕೇಳಿರುತ್ತದೆ.

ಇದನ್ನು ಅರಿತಿದ್ದ ಒಬ್ಬರು ಪಿಯಾನೊ ವಾದಕ ರ‍್ಯಾಂಡಿ ವೆಸ್ಟನ್. 1950ರ ದಶಕದ ಕೊನೆಯಿಂದ ಅವರ ರಾಗಗಳಿಗೆ ಮೆಲ್ಬಾ ಮೈ ತುಂಬಿದರು. 1960ರಲ್ಲಿ ಆಫ್ರಿಕದ ದೇಶಗಳು ಒಂದರ ಹಿಂದೊಂದು ಸ್ವತಂತ್ರವಾಗುತ್ತಿದ್ದಾಗ ಇಬ್ಬರೂ ಸೇರಿ ‘ಉಹುರು ಆಫ್ರಿಕ’ ಎಂಬ ನಾಲ್ಕು ಭಾಗಗಳ ಕೃತಿಯನ್ನು ರೂಪಿಸಿದರು. ಉಹುರು ಎಂದರೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. ಸಾಹಿತ್ಯ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರದು. ವರ್ಣಭೇದದ ದಕ್ಷಿಣ ಆಫ್ರಿಕ 1964ರಲ್ಲಿ ಈ ಧ್ವನಿಮುದ್ರಿಕೆಯನ್ನು ನಿಷೇಧಿಸಿತು. ಮುಖಪುಟದಲ್ಲಿದ್ದುದು ವೆಸ್ಟನ್ ಹೆಸರೇ. ಆದರೆ 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಮೆಲ್ಬಾರ ಪಾಲನ್ನು ಸಾರಿ ಸಾರಿ ಹೇಳಿದರು. ವಿದ್ವಾಂಸರು ತಡವಾಗಿ ಎಚ್ಚೆತ್ತರು: 2014ರಲ್ಲಿ ಅಮೆರಿಕದ ಒಂದು ಸಂಗೀತ ಸಂಶೋಧನಾ ನಿಯತಕಾಲಿಕೆ ಒಂದಿಡೀ ಸಂಚಿಕೆಯನ್ನು ಮೆಲ್ಬಾರಿಗೆ ಮೀಸಲಿಟ್ಟಿತು. ಆ ವೇಳೆಗೆ ಅವರು ತೀರಿಕೊಂಡು ಹದಿನೈದು ವರ್ಷ ಕಳೆದಿತ್ತು.

1970ರ ದಶಕದಲ್ಲಿ ಮೆಲ್ಬಾ ಆರು ವರ್ಷ ಜಮೈಕದಲ್ಲಿ ಸಂಗೀತ ಶಿಕ್ಷಕಿಯಾಗಿದ್ದರು. 1985ರಲ್ಲಿ ಪಾರ್ಶ್ವವಾಯು ಬಡಿಯಿತು. ಟ್ರೊಂಬೋನ್ ಮತ್ತೆ ಕೈಗೆ ಬರಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಕಂಪ್ಯೂಟರಿನ ನೆರವಿನಿಂದ ಸ್ವರ ಬರೆಯುವುದನ್ನು ಕಲಿತು ವೆಸ್ಟನ್ ಅವರಿಗಾಗಿ ಪುನಃ ಸಂಯೋಜನೆಗೆ ತೊಡಗಿದರು. 1993ರಲ್ಲಿ, ಅವರು ನಿಧನರಾಗುವ ಆರು ವರ್ಷ ಮೊದಲು, ‘ವಾಲ್ಕೇನೊ ಬ್ಲೂಸ್’ ಎಂಬ ಧ್ವನಿಮುದ್ರಿಕೆ ಹೊರಬಂತು. ಅದು ಎರಡು ಹೆಸರುಗಳಲ್ಲಿ ಪ್ರಕಟವಾಯಿತು: ರ‍್ಯಾಂಡಿ ವೆಸ್ಟನ್, ಮೆಲ್ಬಾ ಲಿಸ್ಟನ್.