ಗುಂಡಿಯಲ್ಲಿ ಕಂಡ ಚಂದ್ರ

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಒಂದು ಮೊಸಳೆ ಮಲಗಿತ್ತು. ರಸ್ತೆ ನಡುವೆ ನೀರು ತುಂಬಿದ ದೊಡ್ಡ ಗುಂಡಿ, ಅದರೊಳಗೆ ಸುಮಾರು 20 ಕಿಲೋ ತೂಕದ ಫೈಬರ್ ಮೊಸಳೆ. ತಂದಿಟ್ಟವರು ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ. ಅದಕ್ಕೆ ತಗುಲಿದ ಖರ್ಚು 6,000 ರೂಪಾಯಿಯ ಆಸುಪಾಸು ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿಯತನಕ ಗುಂಡಿಯನ್ನು ಬಳಸಿಕೊಂಡು ಹೋಗುತ್ತಿದ್ದವರು ಗಾಡಿ ನಿಲ್ಲಿಸಿ ನೋಡಿದರು, ಫೋಟೋ ತೆಗೆದರು. ಸುದ್ದಿ ದೇಶ ದಾಟಿತು. ಪಾಲಿಕೆಯವರು ಬಂದು ಗುಂಡಿ ಮುಚ್ಚಿದರು.

ಮೊಸಳೆ ಮಾಡುವುದು ಕಸುಬು ಬಲ್ಲ ಕಲಾವಿದನಿಗೆ ದೊಡ್ಡ ಮಾತಲ್ಲ. ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಗುಂಡಿ. ಅದು ಮೊದಲೂ ಅಲ್ಲೇ ಇತ್ತು. ದಿನಾ ಸಾವಿರಾರು ಕಣ್ಣುಗಳ ಮುಂದೆ ಹಾದು ಹೋಗುತ್ತಿತ್ತು. ಸ್ಕೂಟರಿನವರ ಕೈಗೆ ಅದು ಗೊತ್ತಿತ್ತು, ಹ್ಯಾಂಡಲ್ ತಾನಾಗಿ ಬಲಕ್ಕೆ ತಿರುಗುತ್ತಿತ್ತು. ಕಣ್ಣಿಗೆ ಮಾತ್ರ ಗೊತ್ತಿರಲಿಲ್ಲ. ಇಲ್ಲದ ಪ್ರಾಣಿಯೊಂದು ಬಂದು ಮಲಗಿದ ಮೇಲೆ, ಇದ್ದ ಗುಂಡಿ ಕಾಣಿಸಿತು.

ದೃಶ್ಯಕಲೆ ಓದುತ್ತಿರುವ ನನ್ನ ಅಕ್ಕನ ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಬಾದಲ್ ಅವರನ್ನು ಆರಿಸಿಕೊಂಡಾಗ ಇದನ್ನೆಲ್ಲ ಮತ್ತೆ ನಿಧಾನವಾಗಿ ಯೋಚಿಸುವ ಅವಕಾಶ ನನಗೂ ಸಿಕ್ಕಿತು. ಕಾಲೇಜಿನವರು ಕೊಟ್ಟ ನಮೂನೆಯಲ್ಲಿ ಕೃತಿಯ ಹೆಸರು, ಮಾಧ್ಯಮ, ಅಳತೆ, ಈಗಿರುವ ಸ್ಥಳ ಎಂಬ ಕಾಲಂಗಳಿದ್ದವು. ಮೊದಲನೆಯದರಲ್ಲೇ ತಡವರಿಸಿದಳು. ಮಾಧ್ಯಮಕ್ಕೆ ಬಂದಾಗ, "ಚಿಕ್ಕಮ್ಮ, ಫೈಬರ್ ಅಂತಷ್ಟೇ ಬರೆದರೆ ಸುಳ್ಳಾಗುತ್ತೆ. ಗುಂಡೀನೂ ಬರೀಬೇಕಲ್ವಾ?" ಎಂದಳು. ಬರೆಯಲೇಬೇಕು. ಗುಂಡಿಯಿಲ್ಲದೆ ಆ ಮೊಸಳೆ ಪ್ರದರ್ಶನದ ಗೊಂಬೆಯಷ್ಟೇ. ಕೃತಿಯ ಮುಕ್ಕಾಲು ಪಾಲನ್ನು ಮಳೆ, ಕಳಪೆ ಕಾಮಗಾರಿ ಮತ್ತು ಉದಾಸೀನ ಸೇರಿ ಮೊದಲೇ ಮಾಡಿಟ್ಟಿದ್ದವು. ಕಲಾವಿದ ಸೇರಿಸಿದ್ದು ಉಳಿದ ಕಾಲು ಪಾಲು. ತೆರೆದ ಮ್ಯಾನ್‌ಹೋಲ್ ಸುತ್ತ ಅವರು ಯಮನ ಮುಖ ಬರೆದಾಗಲೂ ಹಾಗೆಯೇ: ಬಾಯಿಯನ್ನು ಅವರು ಬರೆಯಲಿಲ್ಲ, ಅದು ಆಗಲೇ ತೆರೆದಿತ್ತು.

"ಈಗಿರುವ ಸ್ಥಳ" ಎಂಬ ಕಾಲಂ ಕೊನೆಯವರೆಗೂ ಖಾಲಿಯೇ ಉಳಿಯಿತು. ರವಿವರ್ಮನ ಚಿತ್ರ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬಹುದು. ಮೊಸಳೆಯಿದ್ದ ಕಡೆ ಹೋದರೆ ಸಿಗುವುದು ಡಾಂಬರು. ಕೃತಿ ಉಳಿಯಲಿ ಎಂದು ದುಡಿಯುವ ಕಲಾವಿದರನ್ನು ನಾವು ಬಲ್ಲೆವು. ಕೃತಿ ಅಳಿದರೇ ಗೆಲುವು ಎಂದು ದುಡಿಯುವವರ ಮನಸ್ಸು ಎಂಥದಿರಬಹುದು? ನನಗೆ ಅದು ಬಹಳ ದೊಡ್ಡ ನಿಸ್ವಾರ್ಥವಾಗಿ ಕಾಣುತ್ತದೆ.

ಇನ್ನು 2019ರ ಸೆಪ್ಟೆಂಬರಿನಲ್ಲಿ ಬಾದಲ್ ಮಾಡಿದ ವಿಡಿಯೋ. ಬೆಳ್ಳಿಬಣ್ಣದ ದಿರಿಸು ತೊಟ್ಟ ಗಗನಯಾತ್ರಿಯೊಬ್ಬ ಕುಳಿಗಳ ನಡುವೆ, ಭಾರವೇ ಇಲ್ಲದವನಂತೆ, ಒಂದೊಂದೇ ಹೆಜ್ಜೆ ಎತ್ತಿಡುತ್ತಾನೆ. ಸುತ್ತ ಕತ್ತಲೆ. ಚಂದ್ರನೇ ಸರಿ ಎಂದು ನಾವು ಒಪ್ಪಿಕೊಳ್ಳುವ ಹೊತ್ತಿಗೆ ಪಕ್ಕದಲ್ಲಿ ಒಂದು ಆಟೋ ಹಾದು ಹೋಗುತ್ತದೆ. ಅದು ಹೇರೋಹಳ್ಳಿಯ ರಸ್ತೆ. ದಿರಿಸಿನೊಳಗಿದ್ದವರು ನಟ ಪೂರ್ಣಚಂದ್ರ ಮೈಸೂರು. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಲು ಸಜ್ಜಾಗಿದ್ದ ವಾರ ಅದು. ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಜ್ಞಾನಿಗಳು ಉಸಿರು ಬಿಗಿಹಿಡಿದು ಕೂತಿದ್ದ ಇಸ್ರೋದ ನಿಯಂತ್ರಣ ಕೇಂದ್ರ ಇದೇ ಬೆಂಗಳೂರಿನ ಪೀಣ್ಯದಲ್ಲಿದೆ, ಹೇರೋಹಳ್ಳಿಯಿಂದ ಹೆಚ್ಚು ದೂರವೇನಿಲ್ಲ. ಸುಮಾರು 3,84,000 ಕಿಲೋಮೀಟರ್ ಆಚೆಗಿನ ಕುಳಿಗಳನ್ನು ಅಳೆಯಬಲ್ಲ ಊರು, ಮನೆಮುಂದಿನ ಕುಳಿಯನ್ನು ಮುಚ್ಚಲಾರದು! ಆ ವಿಡಿಯೋದಲ್ಲಿ ಯಾರೂ ಬಾಯಿಬಿಟ್ಟು ಇದನ್ನು ಹೇಳುವುದಿಲ್ಲ.

ಅಕ್ಕನ ಮಗಳು ವಿಡಿಯೋ ನೋಡಿ ಅಷ್ಟಕ್ಕೇ ಬಿಡಲಿಲ್ಲ. ಹಗಲು ಹೊತ್ತಿನಲ್ಲಿ ಬರೀ ಗುಂಡಿಯಾಗಿರುವುದು ರಾತ್ರಿ ಚಂದ್ರನಾಗುವುದು ಹೇಗೆ ಎಂದು ಪರೀಕ್ಷಿಸಲು ಹೊರಟಳು. ದೊಡ್ಡ ಪರಾತದಲ್ಲಿ ಮರಳು ಹರಡಿ, ಮೇಲೆ ಬೂದಿ ಉದುರಿಸಿ, ಬೆರಳಿನಿಂದ ತಗ್ಗುಗಳನ್ನು ಮಾಡಿದಳು. ದೀಪ ಆರಿಸಿ ಟಾರ್ಚನ್ನು ನೆತ್ತಿಯ ಮೇಲಿಂದ ಹಿಡಿದರೆ ತಗ್ಗುಗಳೇ ಇಲ್ಲ, ಎಲ್ಲ ಸಪಾಟು. ಟಾರ್ಚನ್ನು ಇಳಿಸುತ್ತಾ ಪರಾತದ ಅಂಚಿಗೆ ತಂದಳು. ಒಂದೊಂದು ತಗ್ಗಿನ ಒಂದು ಬದಿಗೆ ನೆರಳು ತುಂಬಿತು, ಎದುರಿನ ಅಂಚು ಹೊಳೆಯಿತು, ಬೆರಳಗಲದ ಹಳ್ಳ ಪಾತಾಳವಾಯಿತು. ಆಕಾಶದಲ್ಲೂ ನಡೆಯುವುದು ಇದೇ. ದೂರದರ್ಶಕ ಇಟ್ಟುಕೊಂಡವರಿಗೆ ಗೊತ್ತು, ಹುಣ್ಣಿಮೆಯಂದು ಚಂದ್ರನ ಕುಳಿಗಳು ಎದ್ದು ಕಾಣುವುದಿಲ್ಲ. ಅಷ್ಟಮಿಯ ಆಸುಪಾಸಿನಲ್ಲಿ, ಬೆಳಕು ಮತ್ತು ಕತ್ತಲೆ ಕೂಡುವ ಗೆರೆಯ ಬಳಿ, ಬಿಸಿಲು ಓರೆಯಾಗಿ ಬೀಳುವುದರಿಂದ ಕುಳಿಗಳಿಗೆ ಆಳ ಬರುತ್ತದೆ. ಬೆಳಕು ಕಡಿಮೆಯಾದಾಗಲೇ ಹೆಚ್ಚು ಕಾಣುತ್ತದೆ. ಭೂಮಿಯ ಮರಳಿಗೂ ಚಂದ್ರನ ಧೂಳಿಗೂ ನೆರಳಿನ ನಿಯಮ ಒಂದೇ ಎಂಬುದನ್ನು ಓದಿ ತಿಳಿದಿದ್ದೆ. ಪರಾತದ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದಾಗ ಮೈ ಜುಮ್ಮೆಂದಿತು.

ಬಾದಲ್ ಅವರ ಕಲೆಯನ್ನು ವಿದೇಶದ ಬೀದಿ ಕಲಾವಿದರ ಜೊತೆಗಿಟ್ಟು ನೋಡುವವರಿದ್ದಾರೆ. ನನಗೆ ನೆನಪಾಗುವವರು ನಮ್ಮ ಹಗಲುವೇಷದವರು. ರಂಗವಿಲ್ಲ, ಪರದೆಯಿಲ್ಲ, ನಡುಹಗಲಲ್ಲಿ ಬೀದಿಗೆ ಬಂದು, ಅಂಗಡಿಯ ಮುಂದೆ ನಿಂತು, ಜನರ ನಡುವೆಯೇ ದೇವರೋ ರಾಕ್ಷಸನೋ ಆಗುತ್ತಾರೆ. ಹೇರೋಹಳ್ಳಿಯ ಗಗನಯಾತ್ರಿ ಆ ವಂಶದವನೇ. 2017ರ ಅಕ್ಟೋಬರಿನಲ್ಲಿ ಬಾದಲ್ ಅವರದೇ ಇನ್ನೊಂದು ಕೃತಿಗಾಗಿ ಕಬ್ಬನ್ ಪಾರ್ಕ್ ಬಳಿಯ ನೀರು ನಿಂತ ಗುಂಡಿಯಲ್ಲಿ ಮತ್ಸ್ಯಕನ್ಯೆಯಾಗಿ ಕೂತ ನಟಿ ಸೋನು ಗೌಡ ಕೂಡ. ಆ ತಿಂಗಳು ನಗರದ ಗುಂಡಿಗಳಿಂದಾಗಿ ದ್ವಿಚಕ್ರ ವಾಹನ ಸವಾರರು ಪ್ರಾಣ ಕಳೆದುಕೊಂಡಿದ್ದರು. ಚೆಂದದ ವೇಷದ ಅಡಿಯಲ್ಲಿ ಸಾವಿನ ಲೆಕ್ಕವಿತ್ತು ಎಂಬುದನ್ನು ಮರೆಯಬಾರದು.

ಈ ಕಲೆ ರಾಜಕೀಯವೇ? ಖಂಡಿತ. ಪಕ್ಷದ ಹೆಸರಿಲ್ಲ, ಬಾವುಟವಿಲ್ಲ, ಯಾರ ಮುಖಕ್ಕೂ ಮಸಿ ಬಳಿದಿಲ್ಲ. ತೆರಿಗೆ ಕಟ್ಟುವವನಿಗೂ ಆಳುವವನಿಗೂ ನಡುವೆ ಇರುವ ಬಾಕಿಯನ್ನು ನಡುಬೀದಿಯಲ್ಲಿ ಓದಿದ್ದೇ ರಾಜಕೀಯ. ಚಂದ್ರನ ನಡಿಗೆಯ ವಿಡಿಯೋ ಹರಿದಾಡಿದ ಬೆನ್ನಿಗೇ ಆ ರಸ್ತೆಯಲ್ಲೂ ದುರಸ್ತಿ ಶುರುವಾಯಿತು. ಸಂತೋಷ. ಆದರೆ ಮನವಿ ಪತ್ರ ಹಿಡಿದು ಕಚೇರಿ ಅಲೆಯುವ ಮುದುಕರಿಗೆ ಓಗೊಡದ ವ್ಯವಸ್ಥೆ, ಜಗತ್ತು ನೋಡುತ್ತಿದೆ ಎಂದಾಗ ಮಾತ್ರ ಓಡಿಬರುವುದು ನನಗೆ ನೋವಿನ ಸಂಗತಿ. ವಿಡಿಯೋದಲ್ಲಿ ಬಾರದ ಗುಂಡಿಗಳ ಪಾಡೇನು? ಪ್ರಾಜೆಕ್ಟಿನಲ್ಲಿ ಈ ಪ್ರಶ್ನೆಯನ್ನೂ ಬರೆ ಎಂದು ಅಕ್ಕನ ಮಗಳಿಗೆ ಹೇಳಿದೆ, ಬರೆದಳು.

ಕಲಾಶಾಲೆಗಳ ಮೇಷ್ಟರುಗಳಲ್ಲಿ ನನ್ನದೊಂದು ಕೋರಿಕೆ. ಬೀದಿ ಕಲಾವಿದರ ಮೇಲೆ ಪ್ರಾಜೆಕ್ಟ್ ಕೊಟ್ಟಾಗ, ಅವರ ಕೃತಿಗಳ ಚಿತ್ರ ಅಂಟಿಸಿ ಜೀವನಚರಿತ್ರೆ ಬರೆದು ಕೊಟ್ಟರೆ ಸಾಕೆನ್ನಬೇಡಿ. ಮೊಸಳೆಯನ್ನು ನೋಡಿ ಇನ್ನೊಂದು ಮೊಸಳೆ ಮಾಡಿಸಲೂ ಬೇಡಿ. ಮಕ್ಕಳನ್ನು ಅವರವರ ಬೀದಿಗೆ ಕಳಿಸಿ; ಚಪ್ಪಡಿ ಕಳಚಿದ ಚರಂಡಿ, ಗಾಲಿಕುರ್ಚಿ ಹತ್ತಲಾಗದ ಫುಟ್‌ಪಾತು, ಬೇರಿನವರೆಗೂ ಸಿಮೆಂಟು ಬಳಿಸಿಕೊಂಡ ಮರ, ಎಲ್ಲರೂ ನೋಡುವುದನ್ನು ಬಿಟ್ಟಿರುವ ಯಾವುದಾದರೂ ಒಂದರ ಮುಂದೆ ಒಂದು ಗಂಟೆ ಕೂತು ಚಿತ್ರ ಬರೆಯಲು ಹೇಳಿ. ಅಂಕವನ್ನು ಆ ಚಿತ್ರಕ್ಕೆ ಕೊಡಿ.